ಸಿಂಥೆಟಿಕ್‌ನಿಂದ ಡರ್ಟ್ ಟ್ರ್ಯಾಕ್‌ಗೆ: ಕುದುರೆ ಬೇಗ ಕಲಿಯುತ್ತದೆ, ಎಲುಬಿಗೆ ಸಮಯ ಬೇಕು

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿದ್ದ ಗೋಲ್ಡನ್ ಗೇಟ್ ಫೀಲ್ಡ್ಸ್ ರೇಸ್‌ಕೋರ್ಸ್ 2024ರ ಜೂನ್‌ನಲ್ಲಿ ಬಾಗಿಲು ಹಾಕಿತು. ಅಲ್ಲಿನ ಮುಖ್ಯ ಟ್ರ್ಯಾಕ್ 2007ರಿಂದಲೂ ಸಿಂಥೆಟಿಕ್, ಅಂದರೆ ಮರಳಿಗೆ ನಾರು, ಮೇಣ ಬೆರೆಸಿದ ಕೃತಕ ನೆಲ. ಅಲ್ಲಿದ್ದ ಎಷ್ಟೋ ಕುದುರೆಗಳ ದಿನನಿತ್ಯದ ತಾಲೀಮೆಲ್ಲ ಆ ಒಂದೇ ನೆಲದ ಮೇಲೆ ನಡೆದಿತ್ತು. ಮುಚ್ಚಿದ ಮೇಲೆ ಕೆಲವು ಹತ್ತಿರದ ಪ್ಲೆಸಂಟನ್‌ಗೆ ಹೋದವು, ಕೆಲವು ದಕ್ಷಿಣದ ಸ್ಯಾಂಟಾ ಅನಿಟಾಗೆ. ಎರಡೂ ಕಡೆ ಮುಖ್ಯ ಟ್ರ್ಯಾಕ್ ಡರ್ಟ್, ಅಂದರೆ ಮರಳು ಮಣ್ಣಿನದ್ದಾಗಿತ್ತು.

ಇಂಥ ಬದಲಾವಣೆ ಆದಾಗೆಲ್ಲ ರೇಸ್ ನೋಡುವವರು ಕೇಳುವ ಪ್ರಶ್ನೆ ಒಂದೇ: ಈ ಕುದುರೆಗೆ ಡರ್ಟ್ ಹಿಡಿಸುತ್ತಾ? ಒಂದೆರಡು ಸಲ ಜೋರಾಗಿ ಓಡಿಸಿ, ಗಡಿಯಾರ ನೋಡಿ, ಹಿಡಿಸಿತು ಅಥವಾ ಹಿಡಿಸಲಿಲ್ಲ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆದರೆ ಆ ಪ್ರಶ್ನೆ ವಿಷಯದ ಅರ್ಧವನ್ನು ಮಾತ್ರ ಮುಟ್ಟುತ್ತದೆ. ಹೊಸ ನೆಲದ ಮೇಲೆ ಹೇಗೆ ಹೆಜ್ಜೆ ಇಡಬೇಕು ಅನ್ನುವುದನ್ನು ಕುದುರೆ ಕೆಲವೇ ದಿನಗಳಲ್ಲಿ ಕಲಿಯಬಲ್ಲದು. ಅದರ ಎಲುಬಿಗೆ ಅಷ್ಟು ಅವಸರ ಆಗುವುದಿಲ್ಲ, ಅದಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು. ಕುದುರೆ ಚೆನ್ನಾಗಿ ಓಡುತ್ತಿದೆ, ಆದರೆ ಎಲುಬು ಇನ್ನೂ ತಯಾರಾಗಿಲ್ಲ. ನಡುವಿನ ಈ ಅವಧಿಯೇ ಅಪಾಯದ್ದು. ಗಡಿಯಾರಕ್ಕೆ ಇದು ಕಾಣುವುದೇ ಇಲ್ಲ.

ಮೊದಲು ನೆಲದ ವಿಷಯ. ಡರ್ಟ್ ಅಂದರೆ ಸುಮ್ನೆ ಮಣ್ಣು ಹಾಸಿದ ದಾರಿ ಅಲ್ಲ. ಮರಳು, ಹೂಳುಮಣ್ಣು, ಜೇಡಿಮಣ್ಣು ಲೆಕ್ಕ ಹಾಕಿ ಬೆರೆಸಿದ ಮೂರು ನಾಲ್ಕು ಇಂಚಿನ ಸಡಿಲ ಪದರ, ಅದರ ಕೆಳಗೆ ಗಟ್ಟಿ ತಳ. ಇದನ್ನು ಹಿಡಿದಿಡುವುದು ನೀರು. ನೀರು ಹೆಚ್ಚಾದರೆ ಒಂದು ನೆಲ, ಕಡಿಮೆಯಾದರೆ ಇನ್ನೊಂದು ನೆಲ. ಸಿಂಥೆಟಿಕ್‌ನಲ್ಲಿ ಮರಳಿಗೆ ನಾರಿನ ಎಳೆ, ಕೆಲವು ಮಿಶ್ರಣಗಳಲ್ಲಿ ರಬ್ಬರ್ ಚೂರು ಸೇರಿಸಿ, ಸಾಮಾನ್ಯವಾಗಿ ಮೇಣ ಲೇಪಿಸಿರುತ್ತಾರೆ. ಪಾಲಿಟ್ರ್ಯಾಕ್, ಟಪೀಟಾ ಇವು ಇದರ ಬ್ರ್ಯಾಂಡ್‌ಗಳು. ಟಪೀಟಾ ಮಾಡಿದವರು ಮೈಕಲ್ ಡಿಕಿನ್ಸನ್, ಅವರೇ ಹೆಸರಾಂತ ಟ್ರೇನರ್. ಮೇಣದಿಂದಾಗಿ ಮಳೆನೀರು ನಿಲ್ಲದೆ ಕೆಳಗಿಳಿದು ಹೋಗುತ್ತದೆ. ಆದರೆ ಬಿಸಿಲೇರಿದರೆ ಮೇಣ ಮೆತ್ತಗಾಗುತ್ತದೆ. 2007ರಲ್ಲಿ ಡೆಲ್ ಮಾರ್‌ನ ಹೊಸ ಪಾಲಿಟ್ರ್ಯಾಕ್ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ವರ್ತಿಸಿ ಟ್ರೇನರ್‌ಗಳ ತಲೆ ಕೆಡಿಸಿತ್ತು.

ಅಮೆರಿಕಕ್ಕೆ ಈ ಬದಲಾವಣೆ ಹೊಸದಲ್ಲ. 2005ರಲ್ಲಿ ಕೆಂಟಕಿಯ ಟರ್ಫ್‌ವೇ ಪಾರ್ಕ್ ಮೊದಲು ಪಾಲಿಟ್ರ್ಯಾಕ್ ಹಾಕಿತು. ಮರುವರ್ಷ ಕ್ಯಾಲಿಫೋರ್ನಿಯಾದ ರೇಸಿಂಗ್ ಮಂಡಳಿ ದೊಡ್ಡ ರೇಸ್‌ಕೋರ್ಸ್‌ಗಳೆಲ್ಲ ಸಿಂಥೆಟಿಕ್‌ಗೆ ಬದಲಾಗಬೇಕು ಎಂದಿತು. ಆಮೇಲೆ ಗಾಳಿ ತಿರುಗಿತು. ಸ್ಯಾಂಟಾ ಅನಿಟಾ 2010ರ ಕೊನೆಗೆ, ಕೀನ್‌ಲ್ಯಾಂಡ್ 2014ರಲ್ಲಿ, ಡೆಲ್ ಮಾರ್ 2015ರಲ್ಲಿ ಡರ್ಟ್‌ಗೆ ವಾಪಸಾದವು. ದುಬೈನ ಮೇಡಾನ್ ಕೂಡ 2015ರ ದುಬೈ ವರ್ಲ್ಡ್ ಕಪ್ ರೇಸಿನ ಹೊತ್ತಿಗೆ ಟಪೀಟಾ ಕಿತ್ತು ಡರ್ಟ್ ಹಾಕಿತ್ತು. ಈಗ ಗಾಳಿ ಮತ್ತೆ ಸಿಂಥೆಟಿಕ್ ಕಡೆ ಬೀಸುತ್ತಿದೆ. 2021ರಲ್ಲಿ ಫ್ಲೋರಿಡಾದ ಗಲ್ಫ್‌ಸ್ಟ್ರೀಮ್ ಪಾರ್ಕ್ ತನ್ನ ಡರ್ಟ್, ಟರ್ಫ್ (ಹುಲ್ಲಿನ ಟ್ರ್ಯಾಕ್) ಎರಡರ ಜೊತೆಗೆ ಟಪೀಟಾ ಸೇರಿಸಿಕೊಂಡಿತು. ಹೀಗೆ ಒಂದೇ ಕುದುರೆ ಒಂದೇ ವರ್ಷದಲ್ಲಿ ಆ ನೆಲ ಈ ನೆಲ ಎಂದು ಓಡಾಡುವುದು ಈಗ ಮಾಮೂಲಿ.

ಕಾಲಿನ ಕೆಳಗೆ ನಿಜಕ್ಕೂ ಏನು ಬದಲಾಗುತ್ತದೆ? ಪೂರ್ತಿ ವೇಗದಲ್ಲಿ ಓಡುವಾಗ ಒಂದು ಗೊರಸು ನೆಲದ ಮೇಲೆ ಇರುವುದು ಹೆಚ್ಚು ಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲೇ ಬಹಳ ಕೆಲಸ ನಡೆದುಹೋಗುತ್ತದೆ. ಗೊರಸು ನೆಲಕ್ಕೆ ಬಡಿಯುತ್ತದೆ. ಮುಂದಕ್ಕೆ ಸ್ವಲ್ಪ ಜಾರುತ್ತದೆ. ಜಾರುತ್ತಲೇ ನಿಲ್ಲುತ್ತದೆ. ಆಗ ಮೈಭಾರವೆಲ್ಲ ಆ ಒಂದು ಕಾಲಿನ ಮೇಲೆ ಬರುತ್ತದೆ. 450ರಿಂದ 500 ಕಿಲೋ ತೂಗುವ ಪ್ರಾಣಿ, ಮುಂಗಾಲಿನ ಮೇಲೆ ಬೀಳುವ ಒತ್ತಡ ಅದರ ತೂಕದ ಸುಮಾರು ಎರಡೂವರೆ ಪಟ್ಟು. ಗೊರಸಿನ ಮೇಲಿರುವ ಫೆಟ್ಲಾಕ್ ಕೀಲು ಈ ಭಾರಕ್ಕೆ ಬಾಗಿ ಬಾಗಿ ಹೆಚ್ಚು ಕಡಿಮೆ ನೆಲಕ್ಕೆ ತಾಗುವಷ್ಟು ಕುಸಿಯುತ್ತದೆ. ಹಿಂದಿರುವ ಟೆಂಡನ್ನು, ಲಿಗಮೆಂಟು ಸೆಟೆದು ಅದನ್ನು ಹಿಡಿದು ನಿಲ್ಲಿಸುತ್ತವೆ. ಆಮೇಲೆ ಹಿಮ್ಮಡಿ ಮೇಲೆದ್ದು, ಗೊರಸಿನ ತುದಿ ನೆಲ ಒತ್ತಿ, ಕಾಲು ಬಿಡುಗಡೆ ಆಗುತ್ತದೆ.

ಡರ್ಟ್‌ನಲ್ಲಿ ಜಾರುವ ಘಟ್ಟ ಉದ್ದ. ಗೊರಸು ಸಡಿಲ ಪದರವನ್ನು ತಳ್ಳಿಕೊಂಡು ಮುಂದೆ ಹೋಗುತ್ತದೆ, ಕೆಳಗಿನ ಗಟ್ಟಿ ತಳದ ಬಿಗಿ ಸಿಕ್ಕಮೇಲೆ ನಿಲ್ಲುತ್ತದೆ. ಕಾಲು ಎತ್ತುವಾಗ ತುದಿಯ ಕೆಳಗಿನ ಮಣ್ಣು ಹಿಂದಕ್ಕೆ ಕಿತ್ತುಕೊಳ್ಳುತ್ತದೆ. ಅಂದರೆ ಒತ್ತಿದ ಬಲದಲ್ಲಿ ಸ್ವಲ್ಪ ಮಣ್ಣಿನ ಪಾಲಾಗುತ್ತದೆ. ಮೇಣದ ಸಿಂಥೆಟಿಕ್‌ನಲ್ಲಿ ಹಿಡಿತ ಜಾಸ್ತಿ. ಗೊರಸು ಬೇಗ ನಿಲ್ಲುತ್ತದೆ, ನೆಲ ಕಿತ್ತು ಬರುವುದು ಕಡಿಮೆ. ಬಡಿತದ ಪೆಟ್ಟೂ ಮೆತ್ತಗೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಸಂಶೋಧಕರು ಗೊರಸಿಗೆ ಅಳತೆಯ ಸಾಧನ ಕಟ್ಟಿ ಥರೋಬ್ರೆಡ್‌ಗಳನ್ನು ಡರ್ಟ್, ಸಿಂಥೆಟಿಕ್, ಟರ್ಫ್ ಮೂರರ ಮೇಲೂ ಓಡಿಸಿ ನೋಡಿದ್ದಾರೆ. ಪೆಟ್ಟು ಕಡಿಮೆ ಕಂಡದ್ದು ಸಿಂಥೆಟಿಕ್ ಮೇಲೆ. ಇದು ಸಂತೋಷದ ವಿಷಯವೇ. ಆದರೆ ಡರ್ಟ್‌ಗೆ ಹೊರಟ ಕುದುರೆಯ ಕಡೆಯಿಂದ ನೋಡಿದರೆ ಇದಕ್ಕೆ ಇನ್ನೊಂದು ಮುಖವಿದೆ. ಮುಂದೆ ಬರಲಿರುವ ಪೆಟ್ಟಿನ ಅನುಭವ ಆ ಕಾಲಿಗೆ ಇಲ್ಲ.

ಹೆಜ್ಜೆ ಬದಲಿಸಿಕೊಳ್ಳುವುದು ಬೇಗ ಆಗುತ್ತದೆ. ಕುದುರೆ ಗಾಬರಿಯಾಗುವುದು ಬೇರೆ ಕಾರಣಕ್ಕೆ. ಮುಂದಿನ ಕುದುರೆಗಳ ಗೊರಸಿನಿಂದ ಹಾರಿ ಬರುವ ಮಣ್ಣು. ಅಲ್ಲಿನವರು ಇದನ್ನು ಕಿಕ್‌ಬ್ಯಾಕ್ ಅನ್ನುತ್ತಾರೆ. ಸಿಂಥೆಟಿಕ್‌ನಲ್ಲೂ ಇದು ಇಲ್ಲದಿಲ್ಲ, ಆದರೆ ಹಗುರ. ಡರ್ಟ್‌ನಲ್ಲಿ, ಅದರಲ್ಲೂ ಒದ್ದೆ ನೆಲದಲ್ಲಿ, ಹೆಂಟೆ ಹೆಂಟೆಯಾಗಿ ಮುಖಕ್ಕೆ, ಎದೆಗೆ ಬಡಿಯುತ್ತದೆ. ಜಾಕಿಗಳು ಒಂದರ ಮೇಲೊಂದು ಹಲವು ಕನ್ನಡಕ ಹಾಕಿಕೊಂಡು ಹೋಗುತ್ತಾರೆ. ಮುಂದಿನದು ಮಣ್ಣಾದರೆ ಕೆಳಗೆಳೆದು ಇನ್ನೊಂದರಲ್ಲಿ ನೋಡುತ್ತಾರೆ. ಕುದುರೆಗೆ ಆ ಅನುಕೂಲ ಇಲ್ಲ. ಅಭ್ಯಾಸವಿಲ್ಲದ ಕುದುರೆ ತಲೆ ಎತ್ತುತ್ತದೆ. ತಲೆ ಎತ್ತಿದರೆ ಬೆನ್ನು ಬಿಗಿಯಾಗುತ್ತದೆ, ಹೆಜ್ಜೆ ಕುಗ್ಗುತ್ತದೆ, ಕಡಿವಾಣದ ಮಾತು ಕೇಳುವುದಿಲ್ಲ. ರೇಸಿನ ಮೊದಲ ಎರಡು ಫರ್ಲಾಂಗಿನಲ್ಲೇ ಹೀಗಾದರೆ ಆಮೇಲೆ ಅದನ್ನು ಸರಿಮಾಡುವುದು ಕಷ್ಟ.

ತಿಳಿದ ಟ್ರೇನರ್‌ಗಳು ಇದನ್ನು ರೇಸಿನ ದಿನಕ್ಕೆ ಬಿಡುವುದಿಲ್ಲ. ಮೊದಲು ಒಂಟಿಯಾಗಿ ಡರ್ಟ್ ಮೇಲೆ ನಿಧಾನವಾಗಿ ಓಡಿಸುತ್ತಾರೆ. ನೆಲದ ಹದ ಕಾಲಿಗೆ ತಿಳಿಯಲಿ ಎಂದು. ಆಮೇಲೆ ಇನ್ನೊಂದು ಕುದುರೆಯ ಹಿಂದೆ, ಐದಾರು ಮಾರು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ. ದಿನ ಕಳೆದಂತೆ ಹತ್ತಿರ, ಕೊನೆಗೆ ನೇರ ಹಿಂದೆ. ಮಣ್ಣು ಬಡಿದಾಗ ಕುದುರೆ ತಲೆ ಕೊಡವಿ ಮುಂದೆ ಹೋದರೆ ಸರಿ. ಹಿಂದೆ ಸರಿದರೆ ಮತ್ತೆ ದೂರ ಹೆಚ್ಚಿಸಬೇಕು. ಹೀಗೆ ಓಡಿಸಿ, ಪ್ರತಿ ಸಲ ಕೊನೆಯಲ್ಲಿ ಮುಂದಿನ ಕುದುರೆಯನ್ನು ದಾಟಲು ಬಿಡುತ್ತಾರೆ. ಮಣ್ಣು ಮುಗಿಯುವುದು ಮುಂದೆ ಹೋದಾಗ ಎಂದು ಅದಕ್ಕೇ ಗೊತ್ತಾಗಲಿ ಎಂದು. ಒರಟುತನವಿಲ್ಲದೆ ಕಲಿಸುವ ಈ ಕ್ರಮ ನನಗೆ ತುಂಬ ಇಷ್ಟ.

ಓಟದ ಲಯವೂ ಬೇರೆ. ಸಿಂಥೆಟಿಕ್ ರೇಸುಗಳು ಟರ್ಫ್‌ಗೆ ಹತ್ತಿರ. ಮೊದಲು ಹಿಡಿದು ಓಡಿ, ಕೊನೆಗೆ ನುಗ್ಗುವುದು. ಡರ್ಟ್‌ನಲ್ಲಿ ಗೇಟಿನಿಂದಲೇ ಧಾವಂತ. ಮುಂದೆ ಇರುವ ಕುದುರೆಗೆ ಮಣ್ಣು ಬಡಿಯುವುದಿಲ್ಲ ಅನ್ನುವುದೂ ಒಂದು ಲಾಭ. ಕೊನೆಗೆ ಎಲ್ಲರೂ ದಣಿಯುತ್ತಾರೆ, ಕಡಿಮೆ ದಣಿದದ್ದು ಗೆಲ್ಲುತ್ತದೆ. ಹಾಗಾಗಿ ಸಿಂಥೆಟಿಕ್‌ನಲ್ಲಿ ಹಿಂದಿನಿಂದ ಬಂದು ಗೆಲ್ಲುತ್ತಿದ್ದ ಕುದುರೆ ಡರ್ಟ್‌ನಲ್ಲಿ ಸೋತರೆ, ನೆಲ ಹಿಡಿಸಲಿಲ್ಲ ಅಂತಲೇ ಹೇಳಲಾಗದು. ಅದು ಓಡುವ ಕ್ರಮಕ್ಕೆ ರೇಸಿನ ಲಯ ಹೊಂದಲಿಲ್ಲ ಅಷ್ಟೆ ಇರಬಹುದು.

ಅಮೆರಿಕದ ಹೆಸರಾಂತ ಹೆಣ್ಣು ಕುದುರೆ ಜೆನ್ಯಾಟಾಳ ಕಥೆ ಇಲ್ಲಿ ನೆನಪಾಗುತ್ತದೆ. 20 ರೇಸ್, 19 ಗೆಲುವು. ಅದರಲ್ಲಿ 17 ಗೆಲುವು ಸಿಂಥೆಟಿಕ್ ಮೇಲೆ. ಸೋತ ಒಂದೇ ಒಂದು ರೇಸ್ 2010ರ ಬ್ರೀಡರ್ಸ್ ಕಪ್ ಕ್ಲಾಸಿಕ್, ಚರ್ಚಿಲ್ ಡೌನ್ಸ್‌ನ ಡರ್ಟ್ ಮೇಲೆ. ನೋಡಿದಿರಾ, ಅವಳು ಸಿಂಥೆಟಿಕ್ ಕುದುರೆ ಎಂದವರು ಬಹಳ ಮಂದಿ. ಆದರೆ ಅವಳು ಆರ್ಕನ್ಸಾದ ಓಕ್‌ಲಾನ್‌ನಲ್ಲಿ 2008 ಮತ್ತು 2010ರಲ್ಲಿ ಡರ್ಟ್ ಮೇಲೇ ಗೆದ್ದಿದ್ದಳು. ಆ ಕ್ಲಾಸಿಕ್‌ನಲ್ಲೂ ಶುರುವಿನಲ್ಲಿ ಗುಂಪಿನಿಂದ ದೂರ ಹಿಂದೆ ಉಳಿದು, ಕೊನೆಗೆ ಬ್ಲೇಮ್ ಎಂಬ ಕುದುರೆಗೆ ಸೋತದ್ದು ಒಂದು ತಲೆಯಷ್ಟು ಅಂತರದಲ್ಲಿ. ಡರ್ಟ್ ಅವಳಿಂದ ಕಿತ್ತುಕೊಂಡಿದ್ದರೆ ಅದು ಮೊದಲ ಕೆಲವು ಫರ್ಲಾಂಗುಗಳನ್ನು. ಕೊನೆಯ ಫರ್ಲಾಂಗಿನಲ್ಲಿ ಅವಳು ಎಲ್ಲರಿಗಿಂತ ಜೋರಾಗಿ ಬರುತ್ತಿದ್ದಳು.

ಕೆಂಟಕಿ ಡರ್ಬಿಯ ಉದಾಹರಣೆಗಳೂ ಹೀಗೇ, ಮೇಲಿಂದ ನೋಡಿದರೆ ಒಂದು, ಬಗೆದು ನೋಡಿದರೆ ಇನ್ನೊಂದು. 2022ರಲ್ಲಿ 80ಕ್ಕೆ 1ರ ಬಾಜಿ ಬೆಲೆಯಲ್ಲಿ ರಿಚ್ ಸ್ಟ್ರೈಕ್ ಎಂಬ ಕುದುರೆ ಗೆದ್ದಾಗ ಎಲ್ಲರಿಗೂ ಅಚ್ಚರಿ. ಅದರ ಹಿಂದಿನ ರೇಸ್ ಟರ್ಫ್‌ವೇಯ ಟಪೀಟಾ ಮೇಲೆ, ಅಲ್ಲಿ ಬಂದದ್ದು ಮೂರನೆಯದಾಗಿ. ಆದರೆ ಇದೇ ಕುದುರೆ 2021ರಲ್ಲಿ ಚರ್ಚಿಲ್ ಡೌನ್ಸ್‌ನ ಡರ್ಟ್ ಮೇಲೆ ಹದಿನೇಳು ಕುದುರೆಯುದ್ದಕ್ಕೂ ಹೆಚ್ಚು ಅಂತರದಲ್ಲಿ ಗೆದ್ದಿತ್ತು. ಮರುವರ್ಷ ಡರ್ಬಿಯಲ್ಲಿ ಎರಡನೆಯದಾದ ಟೂ ಫಿಲ್ಸ್ ಕೂಡ ಟಪೀಟಾ ಮೇಲೆ ಗೆದ್ದು ಬಂದದ್ದು. ಅದೂ ಎರಡು ವರ್ಷದ ಮರಿಯಾಗಿದ್ದಾಗಲೇ ಅದೇ ಚರ್ಚಿಲ್ ಡೌನ್ಸ್‌ನಲ್ಲಿ ಗೆದ್ದಿತ್ತು. ಅಂದರೆ ಇವು ಡರ್ಟ್‌ಗೆ ಹೊಸಬರಲ್ಲ, ಹಳೇ ಪರಿಚಯಕ್ಕೆ ಮರಳಿದವು. ಕಾಗದದ ಮೇಲಿನ ಕೊನೆಯ ಒಂದೆರಡು ಸಾಲು ಮಾತ್ರ ಓದುವವರಿಗೆ ಇದು ತಪ್ಪಿಹೋಗುತ್ತದೆ.

ನಿಜವಾದ ಹೊಸಬ 2011ರ ಆ್ಯನಿಮಲ್ ಕಿಂಗ್‌ಡಮ್. ಡರ್ಬಿಯೇ ಅದರ ಮೊದಲ ಡರ್ಟ್ ರೇಸ್. ಅದನ್ನು ತಯಾರು ಮಾಡಿದ ಗ್ರಹಾಂ ಮೋಷನ್ ಇರುವುದು ಮೇರಿಲ್ಯಾಂಡ್‌ನ ಫೇರ್ ಹಿಲ್‌ನಲ್ಲಿ. ಅಲ್ಲಿ ತಾಲೀಮಿಗೆ ಡರ್ಟ್, ಟಪೀಟಾ ಎರಡೂ ಟ್ರ್ಯಾಕ್ ಇವೆ. ಎರಡು ವರ್ಷದ ಮೇಲೆ ಅದೇ ಕುದುರೆ ದುಬೈಯಲ್ಲಿ ಟಪೀಟಾ ಮೇಲೆ ವರ್ಲ್ಡ್ ಕಪ್ ಗೆದ್ದಿತು. ಎಂಟು ವರ್ಷದ ಪ್ರಿನ್ಸ್ ಬಿಷಪ್ 2015ರಲ್ಲಿ ಮೇಡಾನ್‌ನ ಹೊಸ ಡರ್ಟ್ ಮೇಲೆ ವರ್ಲ್ಡ್ ಕಪ್ ಗೆದ್ದದ್ದೂ ಸಣ್ಣ ಮಾತಲ್ಲ, ಎರಡನೆಯದಾದದ್ದು ಕೆಂಟಕಿ ಡರ್ಬಿ ವಿಜೇತ ಕ್ಯಾಲಿಫೋರ್ನಿಯಾ ಕ್ರೋಮ್. ಉಲ್ಟಾ ದಾರಿಯಲ್ಲಿ ಎಡವಿದ ದೊಡ್ಡ ಹೆಸರು ಕರ್ಲಿನ್: 2007ರ ಕ್ಲಾಸಿಕ್ ಡರ್ಟ್ ಮೇಲೆ ಗೆದ್ದು, 2008ರಲ್ಲಿ ಸ್ಯಾಂಟಾ ಅನಿಟಾದ ಸಿಂಥೆಟಿಕ್ ಮೇಲೆ ನಾಲ್ಕನೆಯದು.

ಇಷ್ಟೆಲ್ಲ ಗೆದ್ದವರ, ಸೋತವರ ಲೆಕ್ಕ. ರೇಸಿನ ಫಲಿತಾಂಶ ಹೇಳದೇ ಇರುವುದು ಎಲುಬಿನ ಕಥೆ.

ಎಲುಬು ಜಡ ವಸ್ತು ಅಲ್ಲ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಅದು ತನ್ನನ್ನೇ ಕಟ್ಟಿಕೊಳ್ಳುತ್ತದೆ. ಎಳೆಯ ರೇಸ್ ಕುದುರೆಯ ಮುಂಗಾಲಿನ ಕ್ಯಾನನ್ ಎಲುಬು (ಮಂಡಿಗೂ ಫೆಟ್ಲಾಕ್ ಕೀಲಿಗೂ ನಡುವಿನದು) ತಾಲೀಮು ಹೆಚ್ಚಿದಂತೆ ಮುಂಭಾಗದಲ್ಲಿ ದಪ್ಪವಾಗುತ್ತದೆ, ಆಕಾರವನ್ನೇ ಬದಲಿಸುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಡೇವಿಡ್ ನುನಮೇಕರ್ ಇದನ್ನು ವರ್ಷಾನುಗಟ್ಟಲೆ ಅಧ್ಯಯನ ಮಾಡಿದರು. ಅವರ ಕೆಲಸದಿಂದ ಬಂದ ಮುಖ್ಯ ಪಾಠ ಇದು: ಎಲುಬು ತಾನು ಅನುಭವಿಸಿದ ಭಾರಕ್ಕೆ ಮಾತ್ರ ತಯಾರಾಗುತ್ತದೆ. ನಿಧಾನವಾಗಿ ಎಷ್ಟು ಮೈಲಿ ಓಡಿಸಿದರೂ ಅದು ವೇಗದ ಓಟಕ್ಕೆ ತಯಾರಿ ಆಗುವುದಿಲ್ಲ. ಚಿಕ್ಕ ದೂರದ ವೇಗದ ಓಟವನ್ನು ಮೊದಲಿನಿಂದಲೇ ಸ್ವಲ್ಪ ಸ್ವಲ್ಪ ಬೆರೆಸಬೇಕು. ಇದೇ ತರ್ಕ ನೆಲಕ್ಕೂ ಅನ್ವಯಿಸುತ್ತದೆ. ಮೆತ್ತನೆ ನೆಲದಲ್ಲಿ ಬಲಿತ ಎಲುಬು ಮೆತ್ತನೆ ನೆಲಕ್ಕೆ ಬೇಕಾದಷ್ಟು ಬಲಿತಿರುತ್ತದೆ.

ಬರೀ ಬಲದ ಪ್ರಶ್ನೆಯೂ ಅಲ್ಲ, ಜಾಗದ ಪ್ರಶ್ನೆ ಕೂಡ. ಕ್ಯಾಲಿಫೋರ್ನಿಯಾದ ಕುದುರೆಗಳ ಭುಜದ ಕೆಳಗಿನ ಹ್ಯೂಮರಸ್ ಎಲುಬಿನ ಸ್ಕ್ಯಾನ್‌ಗಳನ್ನು ಪಶುವೈದ್ಯರು ಹೋಲಿಸಿ ನೋಡಿದರು. ಒತ್ತಡದಿಂದ ಬದಲಾವಣೆ ಕಂಡ ಜಾಗ ಡರ್ಟ್ ಕುದುರೆಗಳಲ್ಲಿ ಒಂದು, ಸಿಂಥೆಟಿಕ್ ಕುದುರೆಗಳಲ್ಲಿ ಇನ್ನೊಂದು. ಈ ಒಂದು ಸಂಗತಿ ನನಗೆ ಇಡೀ ವಿಷಯದ ಕೀಲಿ ಅನ್ನಿಸುತ್ತದೆ. ನೆಲ ಬದಲಾದರೆ ಹಳೇ ಭಾರ ಹೆಚ್ಚು ಕಡಿಮೆ ಆಗುವುದಷ್ಟೇ ಅಲ್ಲ, ಭಾರ ಬೀಳುವ ಜಾಗವೇ ಬದಲಾಗುತ್ತದೆ. ಇಷ್ಟು ದಿನ ಆರಾಮಾಗಿದ್ದ ಒಂದು ಮೂಲೆಗೆ ಇದ್ದಕ್ಕಿದ್ದಂತೆ ಕೆಲಸ ಬೀಳುತ್ತದೆ.

ಹಾಗಾದಾಗ ಎಲುಬು ರಿಪೇರಿ ಶುರುಮಾಡುತ್ತದೆ. ತೊಂದರೆ ಇರುವುದು ರಿಪೇರಿಯ ಕ್ರಮದಲ್ಲಿ. ರಸ್ತೆ ರಿಪೇರಿಗೆ ಮೊದಲು ಅಗೆಯುವ ಹಾಗೆ, ಇಲ್ಲೂ ಮೊದಲು ಹಳೇ ಎಲುಬನ್ನು ಕೆರೆದು ತೆಗೆಯುವ ಜೀವಕೋಶಗಳು ಬರುತ್ತವೆ. ತೆಗೆಯುವುದು ಬೇಗ, ತುಂಬುವುದು ನಿಧಾನ, ತುಂಬಿದ್ದು ಗಟ್ಟಿಯಾಗುವುದು ಇನ್ನೂ ನಿಧಾನ. ಪೂರ್ತಿ ಸುತ್ತು ಮುಗಿಯಲು ತಿಂಗಳುಗಳು ಹಿಡಿಯುತ್ತವೆ. ನಡುವೆ ಕೆಲವು ವಾರ ಆ ಜಾಗ ಮೊದಲಿಗಿಂತಲೂ ದುರ್ಬಲ. ಕುದುರೆ ಕುಂಟುವುದಿಲ್ಲ, ಮೇವು ಬಿಡುವುದಿಲ್ಲ. ಇಷ್ಟರಲ್ಲಿ ಅದು ಕಿಕ್‌ಬ್ಯಾಕ್‌ಗೆ ಒಗ್ಗಿಕೊಂಡಿದೆ, ಹೆಜ್ಜೆ ಕೂಡಿದೆ, ಬೆಳಗಿನ ಓಟದ ಸಮಯ ಚೆನ್ನಾಗಿ ಬರುತ್ತಿದೆ. ಎಲ್ಲರಿಗೂ ಹುಮ್ಮಸ್ಸು. ಈಗ ಇನ್ನೂ ಜೋರಾಗಿ ಓಡಿಸೋಣ ಅನ್ನುವುದು ಇದೇ ಹೊತ್ತಿಗೆ.

ದೀರ್ಘ ವಿರಾಮದ ನಂತರ ತಾಲೀಮಿಗೆ ಮರಳಿದ ಕುದುರೆಗಳಲ್ಲಿ ಹ್ಯೂಮರಸ್ ಮುರಿಯುವ ಸಂಭವ ಹೆಚ್ಚು ಎಂದು ಹಿಂದೆಯೇ ಗುರುತಿಸಿದ್ದಾರೆ. ಎಲುಬಿನ ಮೇಲೆ ಹಠಾತ್ ಬದಲಾವಣೆ ಬೀಳುವುದೇ ಅಲ್ಲಿನ ಕಾರಣ. ನೆಲ ಬದಲಿಸಿದ ಕುದುರೆಯನ್ನೂ ರಜೆಯಿಂದ ಬಂದ ಕುದುರೆಯಂತೆಯೇ ನೋಡಬೇಕು ಅನ್ನುವುದು ನನ್ನ ವಾದ. ಅದು ಒಂದು ದಿನವೂ ರಜೆ ತೆಗೆದುಕೊಳ್ಳದೆ ಓಡುತ್ತಿದ್ದರೂ ಸರಿ.

ಹಾಗಾದರೆ ಡರ್ಟ್ ಬೇಡವೇ ಬೇಡ, ಎಲ್ಲ ಕಡೆ ಸಿಂಥೆಟಿಕ್ ಹಾಕಿಬಿಡಿ ಅನ್ನಬಹುದಲ್ವಾ? ಅಂಕಿಗಳು ಆ ಕಡೆ ಬೆರಳು ಮಾಡುತ್ತವೆ. ಅಮೆರಿಕದ ಜಾಕಿ ಕ್ಲಬ್ 2009ರಿಂದ ಪ್ರತಿವರ್ಷದ ಲೆಕ್ಕ ಇಟ್ಟಿದೆ. ಆ ವರ್ಷ ಪ್ರತಿ ಸಾವಿರ ಓಟಕ್ಕೆ (ಒಂದು ಕುದುರೆ ಒಂದು ರೇಸಿನಲ್ಲಿ ಓಡಿದರೆ ಒಂದು ಓಟ) 2.00 ಕುದುರೆಗಳು ರೇಸಿನ ಗಾಯದಿಂದ ಸತ್ತಿದ್ದವು, 2022ರ ಹೊತ್ತಿಗೆ ಅದು 1.25ಕ್ಕೆ ಇಳಿಯಿತು. 2022ರಲ್ಲಿ ಡರ್ಟ್ ಮೇಲೆ 1.44, ಸಿಂಥೆಟಿಕ್ ಮೇಲೆ 0.41. ಮರುವರ್ಷ ಡರ್ಟ್ 1.43, ಸಿಂಥೆಟಿಕ್ 0.97. ಸಿಂಥೆಟಿಕ್ ಮೇಲೆ ನಡೆಯುವ ರೇಸುಗಳ ಸಂಖ್ಯೆ ಕಡಿಮೆ, ಹಾಗಾಗಿ ಆ ಅಂಕಿ ವರ್ಷದಿಂದ ವರ್ಷಕ್ಕೆ ಹೆಚ್ಚು ಓಲಾಡುತ್ತದೆ. ಆದರೂ ಎರಡು ವರ್ಷವೂ ಅದು ಡರ್ಟ್‌ಗಿಂತ ಕೆಳಗೇ ಇದೆ. ನಾನು ಈ ಅಂಕಿಯನ್ನು ಗೌರವಿಸುತ್ತೇನೆ. ಆದರೆ ಕೆಂಟಕಿ ಡರ್ಬಿ ನಡೆಯುವುದು ಡರ್ಟ್ ಮೇಲೆ. ದೊಡ್ಡ ಹಣ, ತಳಿ ಬೆಳೆಸುವವರ ಲೆಕ್ಕಾಚಾರ ಎಲ್ಲ ಅದರ ಸುತ್ತ. ಹತ್ತಾರು ವರ್ಷ ಎರಡೂ ನೆಲ ಜೊತೆಗೇ ಇರುತ್ತವೆ. ಕುದುರೆಗಳು ದಾಟುತ್ತಲೇ ಇರುತ್ತವೆ. ದಾಟುವ ಕ್ರಮವನ್ನು ಸರಿಮಾಡುವುದು ಇವತ್ತಿನ ಕೆಲಸ.

ಏನು ಮಾಡಬಹುದು? ಒಂದು ದಾರಿ ಫೇರ್ ಹಿಲ್ ತೋರಿಸಿದ್ದು: ಎರಡು ನೆಲವನ್ನೂ ತಾಲೀಮಿನಲ್ಲಿ ಬೆರೆಸುವುದು. ಸ್ಯಾಂಟಾ ಅನಿಟಾ 2024ರಲ್ಲಿ ತನ್ನ ಒಳಗಿನ ತಾಲೀಮು ಟ್ರ್ಯಾಕನ್ನು ಟಪೀಟಾ ಮಾಡಿದೆ. ಸಿಂಥೆಟಿಕ್‌ನಿಂದ ಬಂದ ಕುದುರೆಯನ್ನು ಅಲ್ಲೇ ಇಟ್ಟುಕೊಂಡು ವಾರಕ್ಕೊಮ್ಮೆ ಡರ್ಟ್‌ಗೆ ಕರೆದೊಯ್ಯಬಹುದು, ಆಮೇಲೆ ಎರಡು ಸಲ, ಮೂರು ಸಲ. ಡರ್ಟ್ ಮೇಲೆ ಮೊದಲು ದೂರ ಕಡಿಮೆ, ವೇಗವೂ ಕಡಿಮೆ. ಎರಡನ್ನೂ ಒಟ್ಟಿಗೆ ಏರಿಸಬಾರದು. ಬರೀ ಅನುಕೂಲಕ್ಕಾಗಿ ಡರ್ಟ್‌ನಲ್ಲಿ ರೇಸ್, ಸಿಂಥೆಟಿಕ್‌ನಲ್ಲಿ ಪೂರ್ತಿ ತಾಲೀಮು ಅನ್ನುವುದು ಮಾತ್ರ ನನಗೆ ಒಪ್ಪಿಗೆಯಾಗದ ದಾರಿ. ಕಾಲು ಡರ್ಟ್‌ನ ಪೆಟ್ಟನ್ನು ನೋಡುವುದೇ ರೇಸಿನ ದಿನ ಎಂದಾಗಿಬಿಡುತ್ತದೆ.

ಲಾಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಡರ್ಟ್‌ನಲ್ಲಿ ಹಿಡಿತ ಸಿಗಲಿ ಎಂದು ಹಿಂದೆ ಲಾಳದ ತುದಿಗೆ ಎತ್ತರದ ಅಂಚು ಇಡುತ್ತಿದ್ದರು. 2022ರಲ್ಲಿ ಜಾರಿಗೆ ಬಂದ ಅಮೆರಿಕದ ರಾಷ್ಟ್ರೀಯ ಸುರಕ್ಷತಾ ನಿಯಮಗಳು ಅದಕ್ಕೆ ಕಡಿವಾಣ ಹಾಕಿವೆ. ಮುಂಗಾಲಿನ ಲಾಳದಲ್ಲಿ 2 ಮಿಲಿಮೀಟರಿಗಿಂತ ಎತ್ತರ ಇರದ ಸುತ್ತಂಚು ಮಾತ್ರ ಸರಿ. ಒಳ್ಳೆಯದೇ ಆಯಿತು. ಜಾರಬೇಕಾದ ಗೊರಸನ್ನು ತಟ್ಟನೆ ನಿಲ್ಲಿಸಿದರೆ ಆ ಬಲವೆಲ್ಲ ಕಾಲಿಗೇ ಏರುತ್ತದೆ.

ಕಣ್ಣಿಗೆ ಕಾಣದ್ದನ್ನು ಕಾಣಿಸುವ ಸಾಧನವೂ ಈಗ ಇದೆ. ಸ್ಯಾಂಟಾ ಅನಿಟಾದಲ್ಲಿ ಕುದುರೆಯನ್ನು ಮಲಗಿಸದೆ, ನಿಂತಲ್ಲೇ ಫೆಟ್ಲಾಕ್‌ನ ಪೆಟ್ (PET) ಸ್ಕ್ಯಾನ್ ಮಾಡುವ ಯಂತ್ರ ಬಂದಿದೆ. ಎಲುಬು ಎಲ್ಲಿ ಜೋರಾಗಿ ಬದಲಾಗುತ್ತಿದೆ ಅನ್ನುವುದು ಅದರಲ್ಲಿ ಹೊಳೆಯುವ ಚುಕ್ಕೆಯಾಗಿ ಕಾಣುತ್ತದೆ. ಕುಂಟುವುದಕ್ಕೆ ಮೊದಲೇ ಕಾಣುತ್ತದೆ ಅನ್ನುವುದು ಮುಖ್ಯ. ನೆಲ ಬದಲಿಸಿ ಎರಡು ಮೂರು ತಿಂಗಳು ಕಳೆಯದ ಕುದುರೆಗಳಿಗೆ ಈ ಸ್ಕ್ಯಾನ್‌ನಲ್ಲಿ ಆದ್ಯತೆ ಸಿಗಬೇಕು.

ಈ ಮಾತಿಗೆ ಅವಸರ ಯಾಕೆಂದರೆ ಮುಂದಿನ ದೊಡ್ಡ ಬದಲಾವಣೆ ನ್ಯೂಯಾರ್ಕ್‌ನದು. ಹೊಸದಾಗಿ ಕಟ್ಟುತ್ತಿರುವ ಬೆಲ್ಮಾಂಟ್ ಪಾರ್ಕ್‌ನ ಯೋಜನೆಯಲ್ಲಿ ಚಳಿಗಾಲದ ರೇಸುಗಳಿಗಾಗಿ ಒಂದು ಮೈಲಿಯ ಸಿಂಥೆಟಿಕ್ ಟ್ರ್ಯಾಕ್ ಸೇರಿದೆ. ಚಳಿಗಾಲಕ್ಕೆ ಅದು ತಕ್ಕ ನೆಲವೇ. ಆದರೆ ವಸಂತ ಬಂದಾಗ ಅಲ್ಲಿನ ಕುದುರೆಗಳು ಡರ್ಟ್‌ಗೆ ಇಳಿಯಬೇಕಾಗುತ್ತದೆ, ಒಂದೆರಡಲ್ಲ, ಲಾಯಕ್ಕೆ ಲಾಯವೇ, ಪ್ರತಿ ವರ್ಷ, ಒಂದೇ ಹೊತ್ತಿಗೆ. ಮೂರು ವರ್ಷದ ಕುದುರೆಗಳಿಗೆ ಅದು ದೊಡ್ಡ ರೇಸುಗಳ ತಯಾರಿಯ ಕಾಲವೂ ಹೌದು. ಗಡಿಯಾರ ಹಿಡಿದು ಓಡಿಸಿದ ತಾಲೀಮುಗಳ ವಿವರ ಈಗಲೂ ಪ್ರಕಟವಾಗುತ್ತದೆ. ದಿನದಿನದ ಗ್ಯಾಲಪ್ ಯಾವ ನೆಲದ ಮೇಲೆ ನಡೆಯಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ರೇಸಿಗೆ ಮುಂಚೆ ಕುದುರೆಯನ್ನು ಪರೀಕ್ಷಿಸುವ ಪಶುವೈದ್ಯರ ಕೈಗೆ ಕಳೆದ ಮೂರು ತಿಂಗಳ ಆ ವಿವರ, ಯಾವ ದಿನ ಯಾವ ನೆಲ ಎಂದು, ಸಿಗುವಂತಾಗಬೇಕು. ಬೆಲ್ಮಾಂಟ್‌ನ ಮೊದಲ ಚಳಿಗಾಲಕ್ಕೆ ಮೊದಲೇ ಇದನ್ನು ಶುರುಮಾಡಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಪ್ರತಿ ಲಾಯದಲ್ಲೂ ದಿನಕ್ಕೆ ಒಂದು ಸಾಲು ಬರೆದಿಟ್ಟರೆ ಸಾಕು.